ಗೋಕಾಕ ಜಲಪಾತದ ಗಿರಣಿಯೂರು

ಊರು ಮೊದಲು ನೆಲೆಗೊಂಡು, ತರುವಾಯ ಅಲ್ಲಿ ಉದ್ಯಮಗಳು ಹುಟ್ಟುವುದು ಲೋಕರೂಢಿಯು. ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸ್ ಎಂಬ ಊರಿನ ಚರಿತ್ರೆಯಾದರೋ ಇದಕ್ಕೆ ವಿಪರೀತವಾದುದು. ಇಲ್ಲಿ ಗಿರಣಿಯನ್ನು ಅನುಸರಿಸಿ ಊರು ಬೆಳೆಯಿತು. ಇದರ ಕಾರಣವನ್ನು ಸಂಕ್ಷೇಪವಾಗಿ ವಿಚಾರಿಸುವೆವು.

ಸಹ್ಯಾದ್ರಿಯಲ್ಲಿ ಜನಿಸಿದ ಘಟಪ್ರಭೆಯು ಇಲ್ಲಿ ಸುಮಾರು 170 ಅಡಿ ಎತ್ತರದ ಬಂಡೆಯಿಂದ ಕೆಳಕ್ಕೆ ಧುಮುಕುತ್ತದೆ. ದಡದಲ್ಲಿರುವ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವು ಗಿರಣಿಗಿಂತ ಎಷ್ಟೋ ಶತಮಾನಗಳಷ್ಟು ಹಿಂದಿನದು.

ಧಾರವಾಡ, ಬೆಳಗಾವಿ ಸೀಮೆಗಳ ಎರೆಯ ಹೊಲಗಳು ಹತ್ತಿಗೆ ಹೆಸರಾದವು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು, ಆ ದೇಶದ ಹತ್ತಿಯು ಇಂಗ್ಲೆಂಡಿಗೆ ಸರಿಯಾಗಿ ಬಾರದಾಗಲು, ನಮ್ಮ ಹತ್ತಿಗೆ ಬೆಲೆಯೇರಿತು. ಆದರೆ ಅರಳೆಯು ಹೊರಗೆ ಹೋಗುತ್ತಿತ್ತೇ ಹೊರತು ಇಲ್ಲಿಯೇ ಯಂತ್ರದಿಂದ ನೂಲಾಗುತ್ತಿರಲಿಲ್ಲ. ಮುಂಬಯಿಯ ಗಿರಣಿಗಳು ಉಗಿಯಂತ್ರದಿಂದ ನಡೆಯುತ್ತಿದ್ದವು; ಒಳನಾಡಿಗೆ ಕಲ್ಲಿದ್ದಲನ್ನು ತರಿಸುವುದು ಬಹು ವೆಚ್ಚದ ಕೆಲಸವಾಗಿತ್ತು. ಆ ಕೊರತೆಯನ್ನು ಜಲಪಾತವು ನೀಗಿಸಿತು. 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿಯು ಸ್ಥಾಪಿತವಾಗಿ, 1887ರಲ್ಲಿ ನೂಲುವ ಗಿರಣಿಯು ಆರಂಭವಾಯಿತು. ಬೀಳುವ ನೀರಿನ ರಭಸದಿಂದ ಟರ್ಬೈನುಗಳೆಂಬ ಚಕ್ರಗಳನ್ನು ತಿರುಗಿಸಿ, ಆ ಬಲದಿಂದ ಯಂತ್ರಗಳನ್ನು ನಡೆಸಿದರು.

ಶಿವನಸಮುದ್ರದ ವಿದ್ಯುಚ್ಛಕ್ತಿಯು ತಂತಿಯ ಮೂಲಕ ಸುಮಾರು 92 ಮೈಲು ದೂರದ ಕೋಲಾರದ ಗಣಿಗಳಿಗೆ ಮುಟ್ಟಿದ್ದು 1902ರಲ್ಲಿ. ಅದಕ್ಕೆ 15 ವರ್ಷ ಮುಂಚೆ ನೀರಿನ ಬಲವನ್ನು ದೂರದ ಪಟ್ಟಣಕ್ಕೆ ಒಯ್ಯುವ ಅನುಕೂಲವಿರಲಿಲ್ಲ. ಆದಕಾರಣ ಗಿರಣಿಯೇ ನೀರಿನ ಬಳಿಗೆ ಬರಬೇಕಾಯಿತು. ದುಡಿಯುವವರು ಗಿರಣಿಯ ಬಳಿಗೆ ಬರಬೇಕಾಯಿತು. ಹೀಗೆ ಬಂಡೆಗಳ ನಡುವೆ ಒಂದು ಊರು ಬೆಳೆಯಿತು.

1876ರಿಂದ 1878ರ ವರೆಗಿನ ಘೋರ ಕ್ಷಾಮವನ್ನು ಕಂಡ ಈ ಸೀಮೆಯಲ್ಲಿ ಗಿರಣಿಯ ಸಂಬಳವು ಸಣ್ಣ ಆಸರೆಯಲ್ಲ. ಆದರೆ ಹೊಲದ ದುಡಿಮೆಗೆ ಸೂರ್ಯನು ಗಡಿಯಾರವಾದರೆ ಇಲ್ಲಿ ಯಂತ್ರವೇ ಗಡಿಯಾರವು. ಇದಲ್ಲದೆ, ಗಿರಣಿಯ ನೂಲು ಕೈಮಗ್ಗದ ನೇಕಾರನಿಗೆ ಅನುಕೂಲವಾದರೂ, ಮನೆಯಲ್ಲಿ ರಾಟೆಯಿಂದ ನೂತು ನಾಲ್ಕು ಕಾಸು ಗಳಿಸುತ್ತಿದ್ದ ಹೆಂಗಸರ ಕೈಕೆಲಸವು ಅದರ ಮುಂದೆ ನಿಲ್ಲಲಾರದೆ ಹೋಯಿತು. ಲಾಭವನ್ನು ಬರೆಯುವಾಗ ಈ ನಷ್ಟವನ್ನೂ ಬರೆಯುವುದು ನ್ಯಾಯವು.

ಜಲಪಾತವನ್ನೂ ತೂಗುಸೇತುವೆಯನ್ನೂ ನೋಡಲು ಹೋಗುವ ಸದ್ಭಕ್ತರು ಆ ಕಾರ್ಮಿಕರ ಓಣಿಗಳಲ್ಲಿಯೂ ಒಂದು ಗಳಿಗೆ ನಿಲ್ಲಬೇಕು. ದೇವಾಲಯಗಳಿಗೆ ದತ್ತಿ ಬಿಟ್ಟವರ ಹೆಸರುಗಳನ್ನು ಶಾಸನಗಳು ಕಾಯ್ದಿವೆ. ಕಂಪನಿಯ ಹೆಸರನ್ನು ಕಾಗದಗಳು ಕಾಯ್ದಿವೆ. ಮೊದಲು ಬಂದು ಕದಿರಿನ ಮುಂದೆ ನಿಂತವರ ಸುದ್ದಿಯು ಅವರ ಮನೆತನಗಳ ಹಿರಿಯರ ಬಾಯಲ್ಲಿ ಉಳಿದಿದ್ದರೆ ಉಳಿದಿರಬೇಕು. ಶಿಷ್ಯವರ್ಗದಲ್ಲಿ ಅಂತಹ ಮನೆತನದವರಿದ್ದರೆ, ಹಿರಿಯರನ್ನು ಕೇಳಿ ಅದನ್ನು ಬರೆದಿಡಬೇಕೆಂದು ನಮ್ಮ ವಿನಂತಿಯು.