ಹುಬ್ಬು ಎತ್ತಿದವರು

ಸಿರವಾರದಾಗ ನಮ್ಮ ಸೋದರತ್ತಿ ಕೇಳಿದ್ಲು: "ಹುಬ್ಬು ಜೋತುಬಿದ್ದಾವ. ಲೇಸರ್ ಹಿಡಿಸಿದ್ರ ಏರ್ತಾವಂತ, ಖರೇ ಏನಪ್ಪಾ?" ಇದರ ಉತ್ತರ ಇತಿಹಾಸದಾಗ ಅದ.

ಮೊದಲು ಬಂದದ್ದು ಚಾಕು. ರೆಪ್ಪೆಗೂದಲು ಕಣ್ಣಿಗೆ ಚುಚ್ಚುವ ರೋಗಕ್ಕೆ, ಹುಬ್ಬಿನ ಕೆಳಗಿನ ಚರ್ಮವನ್ನು ಜವೆಗೋಧಿ ಕಾಳಿನ ಆಕಾರದಲ್ಲಿ ಕೊಯ್ದು ಕೂದಲಿನಿಂದ ಹೊಲಿಯುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಅದು ಕಣ್ಣು ಉಳಿಸಲಿಕ್ಕೆ. ಚಂದಕ್ಕಾಗಿ ಹಣೆಯ ಚರ್ಮ ಕೊಯ್ದು ಹುಬ್ಬು ಎತ್ತುವುದನ್ನು 1919ರಲ್ಲಿ ಫ್ರಾನ್ಸಿನ ವೈದ್ಯ ಪಾಸೋ ಬರೆದಿಟ್ಟ.

ಲೇಸರ್ ಹುಟ್ಟಿದ್ದು 1960ರಲ್ಲಿ. 1964ರಲ್ಲಿ, ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿದರು. ಅದರ ಕಾಣದ ಕಿರಣವನ್ನು ಚರ್ಮದೊಳಗಿನ ನೀರು ಹೀರುತ್ತದೆ. ಮೇಲ್ಪದರ ಆವಿಯಾಗಿ, ಕೆಳಗಿನ ಕೊಲಾಜೆನ್ ಕಾವಿಗೆ ಬಿಗಿಯುತ್ತದೆ. 1990ರ ದಶಕದಲ್ಲಿ ಇದು ಮುಖದ ಸುಕ್ಕಿಗೆ ಬಳಕೆಗೆ ಬಂತು.

ಅಂದ್ರ, ಲೇಸರ್ ಬಿಗಿ ಮಾಡೋದು ಚರ್ಮಾನ; ಹುಬ್ಬನ್ನು ಎತ್ತಿ ಹಿಡಿಯೋದು ಹಣೆಯ ಸ್ನಾಯು. ತುಸು ಸಡಿಲಾದ ಹುಬ್ಬು ತುಸುವೇ ಏರೀತು. ಪೂರ್ತಿ ಜೋತುಬಿದ್ದದ್ದಕ್ಕೆ ಇವತ್ತಿಗೂ ಚಾಕುವೇ ಬೇಕು. ಒಂದೇ ಬದಿಯ ಹುಬ್ಬೋ ರೆಪ್ಪೆಯೋ ದಿಢೀರನೆ ಇಳಿದರೆ ಮಾತ್ರ ಚಂದದ ಮಾತು ಬ್ಯಾಡ. ಅದು ನರದ ರೋಗ ಇರಬಹುದು. ತಡಮಾಡದೆ ದೊಡ್ಡ ದವಾಖಾನಿಗೆ ಹೋಗ್ರಿ.