ಆಲೂರರು ಕಂಡ ಹಂಪಿ

ರೋಣ ತಾಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. ನಾಡು 'ಕನ್ನಡ ಕುಲಪುರೋಹಿತ'ರೆಂದು ಕರೆದ ಆಲೂರು ವೆಂಕಟರಾಯರ ಮನೆತನ ಇಲ್ಲಿಯದು. ಆದರೆ ಅವರು ಹುಟ್ಟಿದ್ದು ಆದಿಲಶಾಹಿಗಳ ಬಿಜಾಪುರದಲ್ಲಿ, 1880ರ ಜುಲೈ 12ರಂದು.

ಆಗ ಈ ಸೀಮೆ ಹೇಗಿತ್ತು? ರೋಣ, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಗಜೇಂದ್ರಗಡದಿಂದ ದಕ್ಷಿಣಕ್ಕೆ ಹೊರಟರೆ ಯಲಬುರ್ಗಾ, ಅದು ನಿಜಾಮರ ರಾಜ್ಯ. ನರಗುಂದದಿಂದ ಉತ್ತರಕ್ಕೆ ಹೋದರೆ ರಾಮದುರ್ಗ ಸಂಸ್ಥಾನ. ನರಗುಂದವೂ ಹಿಂದೆ ಸಂಸ್ಥಾನವೇ. 1858ರಲ್ಲಿ ಬಾಬಾಸಾಹೇಬ ಬಂಡೆದ್ದು ಗಲ್ಲಿಗೇರಿದ ಮೇಲೆ ಇಂಗ್ಲಿಷರು ಅದನ್ನು ನುಂಗಿದ್ದರು. ಜನರ ಮಾತು ಒಂದೇ, ಚಕ್ಕಡಿ ಸಾಗುವಷ್ಟು ದೂರದಲ್ಲಿ ಸರಕಾರಗಳು ಮೂರು!

ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು, ತಿಲಕರ ಪ್ರಭಾವಕ್ಕೆ ಒಳಗಾದರು, ವಕೀಲರಾಗಿ ಧಾರವಾಡಕ್ಕೆ ಬಂದರು. 1905ರಲ್ಲಿ ಬಂಗಾಳವನ್ನು ಎರಡು ಮಾಡಿದ್ದಕ್ಕೆ ದೇಶ ಸಿಡಿದೆದ್ದಿತು. ಹಾಗಾದರೆ ಹತ್ತಾರು ಚೂರಾದ ಕನ್ನಡ ನಾಡಿಗೆ ಮರುಗುವವರು ಯಾರು? ಅದೇ ವರ್ಷ ಅವರು ಹಂಪಿ, ಆನೆಗೊಂದಿಗಳನ್ನು ನೋಡಿದರು. ಆ ಹಾಳು ನಗರ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. 1917ರಲ್ಲಿ 'ಕರ್ನಾಟಕ ಗತವೈಭವ' ಹೊರಬಂತು, 1922ರಲ್ಲಿ 'ಜಯಕರ್ನಾಟಕ' ಪತ್ರಿಕೆ. 1956ರ ನವೆಂಬರ್ 1ರಂದು ನಾಡು ಒಂದಾದಾಗ ಆ ಮುದುಕ ಮತ್ತೆ ಹಂಪಿಗೇ ಹೋಗಿ ಪೂಜೆ ಸಲ್ಲಿಸಿದರು.

ಇಲ್ಲಿ ನಮ್ಮದೊಂದು ಪ್ರಶ್ನೆ ಉಂಟು. ಗತವೈಭವವೆಂದರೆ ವಿಜಯನಗರ ಎಂದ ಕೂಡಲೆ, ಅದನ್ನು ಕೆಡವಿದವರು ಯಾರು ಎಂಬ ಮಾತು ಬೆನ್ನಿಗೇ ಬರುತ್ತದೆ. ರೋಣ, ಗಜೇಂದ್ರಗಡಗಳ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವ ಸಾಬರು ಆಗ ತಮ್ಮ ನಾಡಿನ ಕಥೆಯೊಳಗೇ ಹೊರಗಿನವರಾಗುತ್ತಾರೆ. ಆದರೆ ಅದೇ ಹಂಪಿಯಲ್ಲಿ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬವನು 1439ರಲ್ಲಿ ಕಟ್ಟಿಸಿದ ಮಸೀದಿ ನಿಂತಿದೆ. ಅದರ ಶಾಸನ ಕನ್ನಡದಲ್ಲಿದೆ; ಅದು ಆ ಕಟ್ಟಡವನ್ನು ಧರ್ಮಸಾಲೆ ಎನ್ನುತ್ತದೆ, ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದೆನ್ನುತ್ತದೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನಂತೂ ತನ್ನ 'ಕಿತಾಬೆ ನವರಸ'ದಲ್ಲಿ ಸರಸ್ವತಿಯನ್ನು ನೆನೆದವನು.

ಚೂರಾದ ನಾಡನ್ನು ಕೂಡಿಸಿದ ಋಣ ಆಲೂರರಿಗೆ ಸಲ್ಲಬೇಕು, ಅದರಲ್ಲಿ ನಮ್ಮ ಪಾಲೂ ಇದೆ. ಭೂಪಟ ಒಂದಾಗಿ ದಶಕಗಳೇ ಕಳೆದವು. ಇನ್ನು ಹಂಪಿಗೆ ಹೋಗುವ ನಮ್ಮ ಮಕ್ಕಳಿಗೆ ವಿರೂಪಾಕ್ಷನ ಗುಡಿಯ ಜೊತೆಗೆ ಅಹ್ಮದ್ ಖಾನನ ಶಾಸನವನ್ನೂ ತೋರಿಸುವ ಕೆಲಸ ಉಳಿದಿದೆ.