ಒಂದೇ ಸಂಜೆಯ ತಾಲೀಮು

ಬ್ಯಾಡಗಿ ಸೀಮೆಯ ಜಾತ್ರೆಯ ನಾಟಕದಲ್ಲಿ ನಾನೊಮ್ಮೆ ಬಣ್ಣ ಹಚ್ಚಿದ್ದೆ. ಊರವರಾದ ನಮಗೆ ತಿಂಗಳ ತಾಲೀಮು. ಹೊರಗಿನಿಂದ ಬಂದ ನಟಿಗೆ ಒಂದೇ ಸಂಜೆಯದು. ಪೇಟಿ ಮಾಸ್ತರರೊಡನೆ ಪಲ್ಲವಿಗಳನ್ನಷ್ಟೇ ಹಾಡಿಕೊಂಡರು. ರಾತ್ರಿ ಯುಗಳಗೀತದಲ್ಲಿ ಚರಣ ಮರೆತು ನಿಂತವನು ನಾನು! ಅವರು ನನ್ನ ಸಾಲನ್ನೂ ತಾವೇ ಹಾಡಿ ಮಾನ ಕಾದರು. ಜನ ‘ಒನ್ಸ್ ಮೋರ್’ ಎಂದರು.

ಆ ಸಾಲು ಅವರಿಗೆ ಬಂದದ್ದೆಂತು? ಕಂಪನಿ ನಾಟಕದ ವಿದ್ಯೆ ಬಹುಪಾಲು ಕಿವಿಯಿಂದ ಕಿವಿಗೆ ಹರಿದದ್ದು. 1914ರಲ್ಲಿ ಹಾವೇರಿ ಬಳಿಯ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೇ ನಾಟಕಗಳನ್ನು ರಚಿಸಿ ಗದಗಿನ ನಾಟ್ಯಸಂಘವನ್ನು ನಡೆಸಿದರು. ಅಲ್ಲಿನ ಅಂಧ ನಟರಿಗೆ ಕಿವಿಯೇ ಪುಸ್ತಕ. ಈ ನಟಿಗೂ ಅಷ್ಟೇ. ಹಳೆಯ ನಾಟಕದ ಮಟ್ಟುಗಳೆಲ್ಲ, ಎದುರಿನ ಪಾತ್ರದವೂ ಸೇರಿ, ಕಂಠದಲ್ಲಿದ್ದವು.

ಬೆಳಗಿನ ಬಸ್ಸಿಗೆ ಅವರು ರಾಣೆಬೆನ್ನೂರಿಗೆ ಹೊರಟರು. ಅಲ್ಲಿ ಸಂಜೆಗೆ ಇನ್ನೊಂದು ತಾಲೀಮು ಕಾದಿತ್ತು. ಎಂ.ಎ. ಓದಿದ ನಾನು ನನ್ನ ಚರಣವನ್ನು ಇನ್ನೂ ನೆನೆಯುತ್ತಲೇ ಇದ್ದೆ.